ದಾಸವಾಳದ ಮೊಗ್ಗು ಬಿಸಿಗೆ ಉದುರುತ್ತಿದೆಯಾ? ಕುಂಡ ಮುಟ್ಟಿ ನೋಡಿ

ಪ್ರಶ್ನೆ: ಕುಂಡದಲ್ಲಿರುವ ನಮ್ಮ ದಾಸವಾಳ ಮೈತುಂಬ ಮೊಗ್ಗು ಬಿಡುತ್ತದೆ. ಆದರೆ ಬಿಸಿಲು ಏರಿದ ಹಾಗೆ ಅರಳುವ ಮೊದಲೇ ಮೊಗ್ಗು ಹಳದಿಯಾಗಿ ಉದುರಿಹೋಗುತ್ತವೆ. ದಾಸವಾಳ ಬಿಸಿಲಿನ ಗಿಡ ಅಲ್ವಾ? ಅದು ಎಷ್ಟು ಡಿಗ್ರಿವರೆಗೆ ತಡೆಯುತ್ತದೆ?

ಬಿಸಿಲು ಬೇಕೇ ಬೇಕು, ನೆರಳಲ್ಲಿಟ್ಟರೆ ಬರೀ ಎಲೆ ಬೆಳೆಯುತ್ತದೆ. ಉಷ್ಣಾಂಶದ ಲೆಕ್ಕ ಹೇಳುವುದಾದರೆ, ಸುಮಾರು 16ರಿಂದ 32 ಡಿಗ್ರಿ ಸೆಲ್ಸಿಯಸ್ ನಡುವೆ ದಾಸವಾಳ ಖುಷಿಯಾಗಿರುತ್ತದೆ. 35 ದಾಟಿತು ಅಂತ ಗಿಡ ಸಾಯುವುದಿಲ್ಲ. ಆದರೆ ಮೊಗ್ಗು ಉಳಿಸಿಕೊಳ್ಳುವುದು ಅದಕ್ಕೆ ಕಷ್ಟವಾಗುತ್ತದೆ, ಅರಳಿದ ಹೂವೂ ಚಿಕ್ಕದಾಗಿರುತ್ತದೆ. ನಾನು ಹೇಳುತ್ತಿರುವುದು ವರ್ಷವಿಡೀ ಹಸಿರಾಗಿರುವ ಮಾಮೂಲಿ ದಾಸವಾಳದ ಬಗ್ಗೆ, ಅಂದರೆ ಹಿಬಿಸ್ಕಸ್ ರೋಸಾ ಸೈನೆನ್ಸಿಸ್. ಇದರದ್ದೇ ಬಳಗದ ಹಿಬಿಸ್ಕಸ್ ಸಿರಿಯಾಕಸ್ ಎಲೆ ಉದುರಿಸಿಕೊಂಡು ಹಿಮದಲ್ಲೂ ಬದುಕುವ ಗಿಡ, ಅದರ ಲೆಕ್ಕವೇ ಬೇರೆ.

ಆದರೆ ಈ ಅಂಕಿ ಹಿಡಿದುಕೊಂಡು ಫೋನಿನಲ್ಲಿ ಹವಾಮಾನ ನೋಡಿದರೆ ಸಾಲದು. ಅಲ್ಲಿ ಕಾಣುವುದು ಗಾಳಿಯ ಉಷ್ಣಾಂಶ. ಹವಾಮಾನ ಕೇಂದ್ರದಲ್ಲಿ ಅದನ್ನು ಅಳೆಯುವುದು ನೆರಳಿನಲ್ಲಿ, ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ. ನಿಮ್ಮ ಕುಂಡ ಇರುವುದು ಕಾದ ಸಿಮೆಂಟ್ ನೆಲದ ಮೇಲೆ, ಪಕ್ಕದಲ್ಲಿ ಗೋಡೆ ಬೇರೆ ಬಿಸಿ ಉಗುಳುತ್ತಿರುತ್ತದೆ. ಅದರಲ್ಲೂ ಕಪ್ಪು ಪ್ಲಾಸ್ಟಿಕ್ ಕುಂಡವಾದರೆ, ಗಾಳಿ 34 ಡಿಗ್ರಿ ಇರುವ ಹೊತ್ತಿಗೆ ಬಿಸಿಲು ಬೀಳುವ ಬದಿಯ ಮಣ್ಣು 45 ದಾಟಿರಬಹುದು. 40ರ ಆಸುಪಾಸಿನಲ್ಲೇ ಎಷ್ಟೋ ಗಿಡಗಳ ಬೇರು ಬೆಳೆಯುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಎಷ್ಟು ಡಿಗ್ರಿ ಅನ್ನುವ ಪ್ರಶ್ನೆಯನ್ನು ಗಾಳಿಗಿಂತ ಮೊದಲು ಕುಂಡಕ್ಕೆ ಕೇಳಬೇಕು.

ಇದನ್ನು ನೀವೇ ನೋಡಬಹುದು. ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ಬಿದ್ದ ಬದಿಯಲ್ಲಿ, ಕುಂಡದ ಅಂಚಿಗೆ ಅಂಟಿದ ಹಾಗೆ ಮಣ್ಣಿನೊಳಗೆ ಬೆರಳು ಇಳಿಸಿ. ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಅಲ್ಲಿರುವ ಎಳೆಬೇರಿನ ಗತಿ ಏನು ಅಂತ ಹೇಳಬೇಕಾಗಿಲ್ಲ. ಮುಂದೆ ಕುಂಡ ಬದಲಾಯಿಸುವಾಗ ಬೇರಿನ ಗಡ್ಡೆಯನ್ನು ತಿರುಗಿಸಿ ನೋಡಿ: ನೆರಳಿನ ಬದಿಯಲ್ಲಿ ತೆಳು ಬಣ್ಣದ ಹೊಸ ಬೇರು ಕುಂಡದ ಗೋಡೆಗೆ ಹೆಣೆದುಕೊಂಡಿರುತ್ತದೆ, ಬಿಸಿಲಿನ ಬದಿಯಲ್ಲಿ ಕಂದು ಬಣ್ಣದ ಒಣ ನಾರು ಮಾತ್ರ, ಅಥವಾ ಏನೂ ಇಲ್ಲ.

ಬೇರು ಹೀಗಾದಾಗ ಮಣ್ಣಿನಲ್ಲಿ ನೀರಿದ್ದರೂ ಪ್ರಯೋಜನ ಇಲ್ಲ. ಎಲೆಗಳು ಬಿಸಿಗೆ ನೀರು ಬಿಡುತ್ತಲೇ ಇರುತ್ತವೆ, ಅಷ್ಟೇ ವೇಗದಲ್ಲಿ ಮೇಲಕ್ಕೆ ಕಳಿಸಲು ಬೇರಿಗೆ ಆಗುವುದಿಲ್ಲ. ಆಗ ಗಿಡ ಖರ್ಚು ಕಡಿಮೆ ಮಾಡಲು ಮೊಗ್ಗನ್ನು ಬಿಡುತ್ತದೆ. ಮೊಗ್ಗಿನ ತೊಟ್ಟನ್ನು ಹತ್ತಿರದಿಂದ ನೋಡಿ, ಒಂದು ಕಡೆ ಸಣ್ಣ ಗೆಣ್ಣು ಕಾಣುತ್ತದೆ. ಮೊಗ್ಗು ಕಳಚುವುದು ಸಾಮಾನ್ಯವಾಗಿ ಅಲ್ಲೇ. ಹೂವಿನಲ್ಲಿ ಹೆಚ್ಚು ಪದರ ಇರುವ ತಳಿಗಳಲ್ಲಿ ಇದು ಇನ್ನೂ ಜಾಸ್ತಿ. ಐದು ಎಸಳಿನ ಹಳೇ ತಳಿಗಳು ಗಟ್ಟಿ.

ರಾತ್ರಿಯೂ ಮುಖ್ಯ. ಹಗಲು ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಗಿಡ ರಾತ್ರಿ ಉಸಿರಾಟಕ್ಕೆ ಬಳಸುತ್ತದೆ, ಸೆಕೆ ಇಳಿಯದ ರಾತ್ರಿಗಳಲ್ಲಿ ಆ ಖರ್ಚು ಏರಿ ಮೊಗ್ಗಿಗೆ ಉಳಿಯುವುದು ಕಡಿಮೆ. ಕತ್ತಲಾದ ಮೇಲೂ ಬಿಸಿ ಬಿಡುವ ಗೋಡೆಯ ಪಕ್ಕದಿಂದ ಕುಂಡ ಸರಿಸಿ ಅಂತ ಅದಕ್ಕೇ ಹೇಳುವುದು.

ಹಾಗಾದರೆ ಏನು ಮಾಡಬೇಕು? ಗಿಡವನ್ನು ಪೂರ್ತಿ ನೆರಳಿಗೆ ಒಯ್ಯಬೇಡಿ, ಕುಂಡಕ್ಕೆ ಮಾತ್ರ ನೆರಳು ಕೊಡಿ. ಒಂದು ದೊಡ್ಡ ಖಾಲಿ ಕುಂಡದೊಳಗೆ ಈ ಕುಂಡ ಇಳಿಸಿದರೆ ನಡುವೆ ಗಾಳಿ ನಿಂತು ಬಿಸಿ ತಡೆಯುತ್ತದೆ. ಇಲ್ಲದಿದ್ದರೆ ಹೊರಗೆ ಬಿಳಿ ಬಣ್ಣ ಬಳಿಯಿರಿ, ಅಥವಾ ಮುಂದೆ ಚಿಕ್ಕ ಗಿಡಗಳ ಸಾಲು ಇಡಿ. ಇಟ್ಟಿಗೆ ಕೊಟ್ಟು ನೆಲದಿಂದ ಎತ್ತರಿಸಿ. ಮಣ್ಣಿನ ಮೇಲೆ ಒಣ ಎಲೆ ದಪ್ಪಕ್ಕೆ ಹರಡಿ, ಕಾಂಡಕ್ಕೆ ತಾಗದ ಹಾಗೆ. ಬೆಳಗಿನ ಬಿಸಿಲು ಸಿಕ್ಕಿ, ಮಧ್ಯಾಹ್ನ ಶೇಡ್ ನೆಟ್ಟಿನ ಮರೆ ಇದ್ದರೆ ತುಂಬ ಒಳ್ಳೆಯದು.

ನೀರು ಬೆಳಿಗ್ಗೆಯೇ ಕೊಡಿ, ಕೆಳಗಿನ ತೂತಿನಿಂದ ಹೊರಗೆ ಬರುವವರೆಗೂ. ಬಿಸಿಲಲ್ಲಿ ಬಿದ್ದಿರುವ ಪೈಪಿನ ಮೊದಲ ನೀರನ್ನು ದಯವಿಟ್ಟು ಗಿಡಕ್ಕೆ ಹಾಕಬೇಡಿ, ಕೈಗೆ ತಣ್ಣಗಾಗುವವರೆಗೆ ಬಕೆಟ್ಟಿಗೆ ಬಿಡಿ. ಮಧ್ಯಾಹ್ನ ಎಲೆ ಜೋತಿದೆ ಅಂತ ಸುಮ್ನೆ ನೀರು ಸುರಿಯುವುದೂ ಬೇಡ. ಮಣ್ಣು ಮುಟ್ಟಿ ನೋಡಿ, ಒದ್ದೆ ಇದ್ದರೆ ಸಂಜೆ ಎಲೆ ತಾನೇ ಎದ್ದು ನಿಲ್ಲುತ್ತದೆ. ಮೇಲೆ ಮೇಲೆ ನೀರು ಹಾಕಿದರೆ ಬಿಸಿಯಿಂದ ಬಳಲಿದ ಬೇರಿಗೆ ಉಸಿರೂ ಕಟ್ಟುತ್ತದೆ. ಸೆಕೆ ಇಳಿಯುವವರೆಗೆ ಗೊಬ್ಬರಕ್ಕೂ ರಜೆ ಕೊಡಿ.

ಚಳಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 10 ಡಿಗ್ರಿಗಿಂತ ಕೆಳಗೆ ಹೋದರೆ ಬೆಳವಣಿಗೆ ನಿಂತ ಹಾಗೆಯೇ, ಎಲೆ ಹಳದಿಯಾಗುತ್ತದೆ, ಮೊಗ್ಗು ಆಗಲೂ ಉದುರುತ್ತದೆ. ಹಿಮ ಬಿದ್ದರೆ ಚಿಗುರು ಕರಕಾಗುತ್ತದೆ. ಅಂಥ ದಿನಗಳಲ್ಲಿ ನೀರು ಕಡಿಮೆ ಮಾಡಿ, ಕುಂಡವನ್ನು ಒಳಗೆ ಬೆಳಕಿರುವ ಕಡೆ ಇಡಿ. ಹಿತವಾದ ತಂಪಿನಲ್ಲಿ ಒಂದು ಲಾಭವೂ ಇದೆ: ಸಾಮಾನ್ಯವಾಗಿ ಒಂದೇ ದಿನಕ್ಕೆ ಮುದುಡುವ ಹೂವು ಮರುದಿನವೂ ಅರಳಿಕೊಂಡೇ ಇರಬಹುದು.

ಎಲ್ಲ ತಪ್ಪನ್ನೂ ಬಿಸಿಯ ಮೇಲೆ ಹಾಕುವ ಮೊದಲು, ಉದುರಿದ ಒಂದು ಹಳದಿ ಮೊಗ್ಗನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಒಳಗೆ ಅಕ್ಕಿ ನುಚ್ಚಿಗಿಂತ ಚಿಕ್ಕ ಬಿಳಿ ಅಥವಾ ಹಳದಿ ಹುಳುಗಳು ಮಿಸುಕಾಡುತ್ತಿದ್ದರೆ ಅದು ಮೊಗ್ಗಿನೊಳಗೆ ಮೊಟ್ಟೆಯಿಡುವ ಸಣ್ಣ ನೊಣದ ಕೆಲಸ. ನೆರಳು, ನೀರು ಯಾವುದೂ ಅದಕ್ಕೆ ಮದ್ದಲ್ಲ. ಈ ಹುಳು ಮಣ್ಣಿಗೆ ಇಳಿದು ಕೋಶವಾಗುತ್ತದೆ, ಅಂದರೆ ನೊಣವಾಗುವ ಮುಂಚಿನ ಹಂತಕ್ಕೆ ಬರುತ್ತದೆ, ಆದ್ದರಿಂದ ಉದುರಿದ ಮತ್ತು ಹಳದಿಗೆ ತಿರುಗಿದ ಮೊಗ್ಗುಗಳನ್ನು ದಿನಾ ಆರಿಸಿ, ಕವರಿನಲ್ಲಿ ಕಟ್ಟಿ ಎಸೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಒಳಗೆ ಹುಳು ಇಲ್ಲದೆ ಮೊಗ್ಗು ಸ್ವಚ್ಛವಾಗಿದ್ದರೆ ಮೊದಲು ಕುಂಡದ ಬಿಸಿ ಇಳಿಸಿ. ಈಗಾಗಲೇ ಹಳದಿಯಾದವು ಹೇಗೂ ಉದುರುತ್ತವೆ. ಹೊಸದಾಗಿ ಮೂಡಿದ ಮೊಗ್ಗು ಹೂವಾಗಲು ಕೆಲವು ವಾರ ಹಿಡಿಯುತ್ತದೆ, ಬದಲಾವಣೆ ಆಯಿತಾ ಅಂತ ಆ ಮೊಗ್ಗುಗಳಲ್ಲಿ ನೋಡಿ.