ಮ್ಯಾನೇಜರ್ ಅನ್ಯಾಯ ಮಾಡುತ್ತಿದ್ದಾರೆ ಎನಿಸಿದಾಗ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್ ಮತ್ತು ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವವರು ಸಲಹೆ ಕೇಳಲು ಬಂದಾಗ ಮೊದಲು ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ನಮ್ಮ ಮ್ಯಾನೇಜರ್‌ಗೆ ನನ್ನ ಕಂಡರೆ ಆಗೋದಿಲ್ಲ ಸಾರ್.” ಈ ಮಾತಿನ ಹಿಂದಿರುವ ನೋವು ನಿಜವಾದದ್ದು. ಆದರೂ ಒಬ್ಬರ ಮನಸ್ಸಿನಲ್ಲಿ ದ್ವೇಷವಿದೆಯೇ ಎಂಬುದನ್ನು ಯಾವ ಸಮಿತಿಯೂ ಅಳೆದು ಹೇಳಲಾರದು. ಯಾವ ದಿನ ಯಾವ ನಿರ್ಧಾರವಾಯಿತು, ಅದಕ್ಕೆ ಯಾವ ನಿಯಮ ಆಧಾರ, ಅದೇ ಕೆಲಸ ಮಾಡುವ ಉಳಿದವರಿಗೆ ಏನು ಸಿಕ್ಕಿತು ಎಂಬುದನ್ನು ಮಾತ್ರ ಪರಿಶೀಲಿಸಬಹುದು. ಹಾಗಾಗಿ ವ್ಯಕ್ತಿಯ ಮೇಲಿನ ದೂರನ್ನು ನಿರ್ದಿಷ್ಟ ಘಟನೆಗಳ ಮೇಲಿನ ದೂರಾಗಿ ಮಾಡಿಕೊಳ್ಳುವುದೇ ಮೊದಲ ಕೆಲಸವೆಂದು ನಾನು ಬಂದವರೆಲ್ಲರಿಗೂ ಹೇಳುತ್ತೇನೆ.

ಮುಳಬಾಗಿಲು ಕಡೆಯ ಯುವಕರೊಬ್ಬರ ದೂರಿನಲ್ಲಿ ಮೂರು ಸಂಗತಿಗಳಿದ್ದವು: ಸತತವಾಗಿ ರಾತ್ರಿ ಪಾಳಿ ಹಾಕುತ್ತಾರೆ, ಓಟಿ (ಹೆಚ್ಚುವರಿ ಅವಧಿಯ ಕೆಲಸ) ಕೊಡುವುದಿಲ್ಲ, ಅಕ್ಕನ ಮದುವೆಗೆ ರಜೆ ಕೊಡಲಿಲ್ಲ. ತಮಗೂ ಲೈನಿನ ಇತರರಿಗೂ ಸಿಕ್ಕ ಪಾಳಿ, ಓಟಿ ಮತ್ತು ರಜೆಯ ವಿವರವನ್ನು ಕೆಲವು ವಾರ ಡೈರಿಯಲ್ಲಿ ಬರೆದಿಟ್ಟುಕೊಳ್ಳಲು ಅವರಿಗೆ ತಿಳಿಸಿದೆ. ಅವರ ಊರಿನ ದಾರಿಯಲ್ಲಿ ಕಂಪನಿ ಬಸ್ ಓಡುತ್ತಿದ್ದುದು ಆ ಒಂದು ಪಾಳಿಗೆ ಮಾತ್ರ ಎಂದೂ, ಆ ಬಸ್ಸಿನವರೆಲ್ಲರಿಗೂ ರಾತ್ರಿ ಪಾಳಿಯೇ ಬೀಳುತ್ತಿತ್ತೆಂದೂ ಆಗ ತಿಳಿಯಿತು. ಓಟಿಯ ಕಥೆ ಬೇರೆಯಾಗಿತ್ತು; ಅದು ಪ್ರತಿ ವಾರವೂ ಅದೇ ಮೂರ್ನಾಲ್ಕು ಮಂದಿಗೆ ಹೋಗುತ್ತಿತ್ತು. ರಜೆಯ ಅರ್ಜಿಯನ್ನು ಅವರು ಸೂಪರ್‌ವೈಸರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು. ಅದು ರಜೆ ಪುಸ್ತಕಕ್ಕೆ ಏರಿಯೇ ಇರಲಿಲ್ಲ, ನಿರಾಕರಣೆಯೂ ಬಾಯಿಮಾತಿನಲ್ಲೇ ಮುಗಿದಿತ್ತು. ಪಾಳಿಯ ವಿಷಯವನ್ನು ಕೈಬಿಟ್ಟು ಉಳಿದೆರಡನ್ನು ಬರೆದುಕೊಟ್ಟ ಮೇಲೆ ಓಟಿ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಿತು. ಮದುವೆ ಮಾತ್ರ ಅಷ್ಟರಲ್ಲಿ ಮುಗಿದುಹೋಗಿತ್ತು.

ಟಿಪ್ಪಣಿಯನ್ನು ಅದೇ ದಿನ ಸಂಜೆ, ಆಡಿದ ಮಾತನ್ನು ಆಡಿದ ಹಾಗೆಯೇ, ಎದುರಿಗಿದ್ದವರ ಹೆಸರಿನೊಂದಿಗೆ ಬರೆದಿಡಬೇಕು. ಅನೇಕ ಕಾರ್ಖಾನೆಗಳಲ್ಲಿ ಕೆಲಸದ ಜಾಗದಲ್ಲಿ ಮೊಬೈಲ್ ಬಳಕೆಗೆ ನಿಷೇಧವಿರುವುದರಿಂದ, ಸಾಕ್ಷ್ಯ ಸಂಗ್ರಹಿಸುವ ಆತುರದಲ್ಲಿ ಪಾಳಿ ಪಟ್ಟಿಯ ಫೋಟೊ ತೆಗೆದವರ ಮೇಲೆಯೇ ಶಿಸ್ತುಕ್ರಮ ಆರಂಭವಾಗಬಹುದು. ಕೈಬರಹದ ಡೈರಿಗೆ ಆ ಅಪಾಯವಿಲ್ಲ.

ದೂರಿಗಿಂತ ಮೊದಲು ಕಾರಣ ಕೇಳುವುದು ಒಳ್ಳೆಯದು. “ಇಂಥ ದಿನ ನಾನು ಕೋರಿದ್ದ ರಜೆಯನ್ನು ನಿರಾಕರಿಸಿದ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ” ಎಂಬ ಒಂದೇ ಸಾಲು ಸಾಕು. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಬೇಕು. ಅಮೆರಿಕದ ಸಂಶೋಧಕ ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮ್ಯಾನೇಜರುಗಳೊಂದಿಗೆ ಮಾತನಾಡುವಾಗ ನಾನು ತಪ್ಪದೆ ಉಲ್ಲೇಖಿಸುತ್ತೇನೆ. ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರ ಕಾಲ ಶೇ. 15ರಷ್ಟು ಸಂಬಳ ಕಡಿತ ಮಾಡಿದಾಗ, ಕಾರಣವನ್ನು ವಿವರವಾಗಿ, ವಿಷಾದದೊಂದಿಗೆ ತಿಳಿಸಿದ ಕಡೆಗಿಂತ ನಾಲ್ಕು ಮಾತಿನಲ್ಲಿ ಮುಗಿಸಿದ ಕಡೆ ಕಳ್ಳತನ ಹೆಚ್ಚು ನಡೆಯಿತು. ನಷ್ಟವನ್ನು ಸಹಿಸಿಕೊಂಡ ಜನ, ಕಾರಣವನ್ನು ಸರಿಯಾಗಿ ವಿವರಿಸದೆ ನಡೆಸಿಕೊಂಡ ರೀತಿಯನ್ನು ಸಹಿಸಲಿಲ್ಲ. ನಮ್ಮ ಕಾರ್ಖಾನೆಗಳಲ್ಲಿ “ಮೇಲಿನಿಂದ ಹೇಳಿದ್ದಾರೆ” ಎಂಬ ಉತ್ತರ ಎಷ್ಟು ಸಂಬಂಧಗಳನ್ನು ಕೆಡಿಸುತ್ತಿದೆ ಎಂಬುದನ್ನು ಆಡಳಿತ ವರ್ಗ ಇನ್ನೂ ಗಂಭೀರವಾಗಿ ಯೋಚಿಸಿಲ್ಲವೆಂಬುದು ನನ್ನ ಅಭಿಪ್ರಾಯ.

ಕಾರಣ ಸಿಗದಿದ್ದರೆ, ಅಥವಾ ಸಿಕ್ಕ ಕಾರಣ ಒಪ್ಪುವಂತಿರದಿದ್ದರೆ, ಮುಂದಿನ ದಾರಿಯನ್ನು ಕಾನೂನೇ ತೋರಿಸಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು; ಅದರಲ್ಲಿ ಆಡಳಿತ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು. ಘಟನೆ ನಡೆದ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು, ಸಮಿತಿ 30 ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ, ತಾವು ಸದಸ್ಯರಾಗಿರುವ ಕಾರ್ಮಿಕ ಸಂಘದ ಮೂಲಕ, ವಿವಾದ ಬಗೆಹರಿಸಲು ಸರ್ಕಾರ ನೇಮಿಸುವ ಸಂಧಾನಾಧಿಕಾರಿಯ ಬಳಿಗೆ ಹೋಗಬಹುದು. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ಮತ್ತು, ವೇತನ ಎಷ್ಟೇ ಇರಲಿ, ಆಡಳಿತ ಹುದ್ದೆಯಲ್ಲಿರುವವರು ಈ ಸಂಹಿತೆಯ ಪ್ರಕಾರ ಕಾರ್ಮಿಕರಾಗುವುದಿಲ್ಲ. ಅವರು ನೇಮಕಾತಿ ಪತ್ರದ ಷರತ್ತುಗಳನ್ನೂ ಕಂಪನಿಯ ನಿಯಮಾವಳಿಯನ್ನೂ ಆಧರಿಸಬೇಕಾಗುತ್ತದೆ.

ಕಾಂಟ್ರಾಕ್ಟ್ ಮೇಲೆ ದುಡಿಯುವವರ ಸ್ಥಿತಿ ಇನ್ನೂ ಕಷ್ಟದ್ದು, ನಮ್ಮ ಭಾಗದಲ್ಲಿ ಅಂಥವರೇ ಬಹಳ. ಕೆಲಸ ಹೇಳುವವರು ಕಂಪನಿಯ ಸೂಪರ್‌ವೈಸರ್, ಸಂಬಳ ಕೊಡುವವರು ಕಾಂಟ್ರಾಕ್ಟರ್. ದೂರು ಒಬ್ಬರಿಂದ ಇನ್ನೊಬ್ಬರಿಗೆ ಅಲೆಯುತ್ತದೆ. ಅರ್ಜಿಯನ್ನು ಕಾಂಟ್ರಾಕ್ಟರ್‌ಗೆ ಬರೆದು, ಅದರ ಪ್ರತಿಯನ್ನು ಕಂಪನಿಯ ಸಿಬ್ಬಂದಿ ವಿಭಾಗಕ್ಕೂ ಕೊಡುವುದು ಇದಕ್ಕೆ ಪರಿಹಾರ. ಕಾಂಟ್ರಾಕ್ಟರ್ ವೇತನ ಪಾವತಿಸದಿದ್ದರೆ ಅದನ್ನು ಕೊಡುವ ಹೊಣೆ ಕೆಲಸ ಮಾಡಿಸಿಕೊಂಡ ಕಂಪನಿಯದು ಎಂಬುದು ಕಾನೂನಿನಲ್ಲಿ ಸ್ಪಷ್ಟವಾಗಿದೆ.

ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳವನ್ನು ಈ ಸಾಲಿಗೆ ಸೇರಿಸಬಾರದು. ಅದಕ್ಕೆ 2013ರ ಪ್ರತ್ಯೇಕ ಕಾಯ್ದೆಯಿದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು, ದೂರನ್ನು ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ಇಂಥ ಪ್ರಸಂಗದಲ್ಲಿ ಮ್ಯಾನೇಜರ್ ಬಳಿ ಕಾರಣ ಕೇಳುತ್ತಾ ಕೂರುವುದು ಬೇಡ.

ಬೇಸತ್ತು ರಾಜೀನಾಮೆ ಬರೆದುಕೊಡಲು ಹೊರಟವರನ್ನು ನಾನು ತಡೆಯುತ್ತೇನೆ. ಕೆಲಸದಿಂದ ತೆಗೆದದ್ದು ತಪ್ಪೆಂದು ಪ್ರಶ್ನಿಸುವ ಹಕ್ಕು ಕಾರ್ಮಿಕನಿಗಿದೆ. ತಾನಾಗಿಯೇ ಬಿಟ್ಟನೆಂದು ಕಾಗದದಲ್ಲಿ ಇದ್ದರೆ, ಒತ್ತಡದಿಂದ ಬರೆಸಿಕೊಂಡರೆಂದು ಸಾಬೀತುಪಡಿಸುವ ಭಾರವೂ ಅವನ ತಲೆಯ ಮೇಲೆ ಬೀಳುತ್ತದೆ. ಕೊಠಡಿಗೆ ಕರೆದು ಸಹಿ ಕೇಳಿದಾಗ, ಓದಿ ನಾಳೆ ಕೊಡುತ್ತೇನೆಂದು ಹೇಳಿ ಹೊರಬರಬೇಕು. ಬಲವಂತವಾಗಿ ಸಹಿ ಹಾಕಿಸಿಕೊಂಡಿದ್ದರೆ, ನಡೆದದ್ದನ್ನು ವಿವರಿಸಿ ಅಂದೇ ಅಥವಾ ಮರುದಿನವೇ ಕಂಪನಿಗೂ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ ರಸೀದಿಯನ್ನು ಇಟ್ಟುಕೊಳ್ಳಬೇಕು.