ರ‍್ಯಾಟಲ್‌ಸ್ನೇಕ್ ಬಿಸಿಲು, ಚಳಿ ಎರಡನ್ನೂ ಹೇಗೆ ತಡೆಯುತ್ತದೆ?

ಪ್ರಶ್ನೆ: ಅಮೆರಿಕದ ಮರುಭೂಮಿ ರಾಜ್ಯ ಅರಿಜೋನಾದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಹಿತ್ತಲಲ್ಲಿ ಬಾಲದಿಂದ ಗಿಲಕಿಯಂಥ ಸದ್ದು ಮಾಡುವ ವಿಷದ ಹಾವು ರ‍್ಯಾಟಲ್‌ಸ್ನೇಕ್ ಇರಬಹುದು, ಜೋಪಾನ ಅಂತ ಅಕ್ಕಪಕ್ಕದವರು ಹೇಳುತ್ತಿದ್ದರು. ಅಲ್ಲಿನ ಬಿಸಿಲು, ಚಳಿ ಎರಡನ್ನೂ ಅದು ಹೇಗೆ ತಡೆಯುತ್ತದೆ? ನಮ್ಮ ಪುಣೆಯ ಹಾವುಗಳೂ ಚಳಿಗಾಲ ಪೂರ್ತಿ ಮಲಗಿರುತ್ತವಾ?
– ಓದುಗರು, ಸಿಂಹಗಡ ರಸ್ತೆ, ಪುಣೆ

ಉತ್ತರ: ಜಾಗ ಬದಲಿಸಿ ತಪ್ಪಿಸಿಕೊಳ್ಳುವುದೇ ಅದರ ದಾರಿ. ನಮ್ಮ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಜಾಸ್ತಿಯಾದರೆ ಬೆವರುತ್ತದೆ. ರ‍್ಯಾಟಲ್‌ಸ್ನೇಕ್‌ಗೆ ಇವೆರಡೂ ಇಲ್ಲ. ಅದಕ್ಕೆ ಹಿತವಾದ ಮೈಬಿಸಿ ಸುಮಾರು 30 ಡಿಗ್ರಿ ಸೆಲ್ಸಿಯಸ್. ಅಷ್ಟು ಸಿಗುವ ಜಾಗವನ್ನು ಹುಡುಕಿಕೊಂಡು ಹೋಗಬೇಕು.

ಮರುಭೂಮಿಯ ಹಾವಲ್ವಾ, ಬಿಸಿಲು ಅದಕ್ಕೇನು ಲೆಕ್ಕ ಅಂತ ಅನಿಸಬಹುದು. ಆದರೆ ಚಳಿಗಿಂತ ಬೇಗ ಪ್ರಾಣಕ್ಕೆ ಕುತ್ತು ತರುವುದು ಬಿಸಿಲೇ. ಬೇಸಿಗೆಯ ಮಧ್ಯಾಹ್ನ ಅಲ್ಲಿನ ಮರಳು 60 ಡಿಗ್ರಿ ದಾಟುತ್ತದೆ. ಹಾವಿನ ಮೈಬಿಸಿ 40ರ ಮೇಲೆ ಏರುತ್ತಾ ಹೋದರೆ ಅದು ಉಳಿಯುವುದು ಕಷ್ಟ. ಅದಕ್ಕೇ ಹಗಲೆಲ್ಲ ಇಲಿ ಬಿಲದಲ್ಲೋ ಬಂಡೆಯಡಿಯಲ್ಲೋ ಇದ್ದು, ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ.

ಚಳಿಗಾಲದ ಕಥೆ ಇನ್ನೂ ಸೊಗಸು. ಉತ್ತರ ಅಮೆರಿಕದ ತಣ್ಣನೆಯ ಭಾಗಗಳಲ್ಲಿ ಕೆಲವೆಡೆ ನೂರಾರು ಹಾವುಗಳು ಒಂದೇ ಬಂಡೆ ಬಿರುಕಿಗೆ ಬಂದು ಸೇರುತ್ತವೆ. ವರ್ಷ ವರ್ಷವೂ ಅದೇ ಜಾಗ. ನೆಲ ಹೆಪ್ಪುಗಟ್ಟದಷ್ಟು ಆಳಕ್ಕೆ ಇಳಿದ ಬಿರುಕು ಎಲ್ಲೆಂದರಲ್ಲಿ ಸಿಗುವುದಿಲ್ಲ. ಆ ವರ್ಷವೇ ಹುಟ್ಟಿದ ಮರಿಗಳು ದೊಡ್ಡ ಹಾವುಗಳು ಹೋದ ದಾರಿಯ ವಾಸನೆ ಹಿಡಿದು ಅಲ್ಲಿಗೆ ತಲುಪುತ್ತವೆ. ನನಗೆ ಇದು ಇವತ್ತಿಗೂ ಬೆರಗು. ಕೆನಡಾದಲ್ಲಿ ಹೀಗೆ ಆರು ತಿಂಗಳಿಗೂ ಜಾಸ್ತಿ ಊಟವಿಲ್ಲದೆ ಕಳೆಯುತ್ತವೆ. ಹೊಟ್ಟೆಯಲ್ಲಿ ಊಟ ಇದ್ದರೇ ತೊಂದರೆ, ಮೈ ತಣ್ಣಗಿದ್ದಾಗ ಅದು ಅರಗದೆ ಕೊಳೆಯುತ್ತದೆ. ಹಾಗಂತ ಇದು ಗಾಢ ನಿದ್ದೆಯಲ್ಲ. ಅರಿಜೋನಾದಂಥ ಕಡೆ ಚಳಿಗಾಲದಲ್ಲೂ ಬಿಸಿಲು ಚೆನ್ನಾಗಿ ಬಿದ್ದ ದಿನ ಹೊರಬಂದು ಮೈ ಕಾಯಿಸಿಕೊಳ್ಳುವುದುಂಟು.

ಇನ್ನು ಪುಣೆ. ನಮ್ಮಲ್ಲಿ ರ‍್ಯಾಟಲ್‌ಸ್ನೇಕ್ ಇಲ್ಲ, ಅವು ಅಮೆರಿಕ ಖಂಡಗಳವು. ಇಲ್ಲಿ ಡಿಸೆಂಬರ್ ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿದರೂ ಮಧ್ಯಾಹ್ನ ಬೆಚ್ಚಗಾಗುತ್ತದೆ. ತಿಂಗಳುಗಟ್ಟಲೆ ಅಡಗಿರುವ ಅಗತ್ಯವೇ ಹಾವುಗಳಿಗಿಲ್ಲ. ಇಲ್ಲಿನವರು ಘೋಣಸ್ ಅನ್ನುವ ಕೊಳಕುಮಂಡಲವಂತೂ ಬೇರೆ ಕಾಲದಲ್ಲಿ ರಾತ್ರಿ ಓಡಾಡಿದರೂ ಚಳಿಯಲ್ಲಿ ಹಗಲೇ ಬಿಸಿಲಿಗೆ ಬರುತ್ತದೆ. ಸಿಂಹಗಡ ಹತ್ತುವವರೂ ಆಗಲೇ ಜಾಸ್ತಿ. ಎಳೆಬಿಸಿಲು ಬಿದ್ದ ಕಲ್ಲಿನ ಮೇಲೆ ಕೂರುವ ಮುಂಚೆ, ಒಣ ಎಲೆಗಳ ಮೇಲೆ ಕಾಲಿಡುವ ಮುಂಚೆ ಸರಿಯಾಗಿ ನೋಡಿ. ಕುಕ್ಕರ್ ಬುಸುಗುಟ್ಟುವಂಥ ಸದ್ದು ಕೇಳಿದರೆ ಅಲ್ಲೇ ನಿಲ್ಲಿ. ಹಾವು ಎಲ್ಲಿದೆ ಅಂತ ಕಂಡ ಮೇಲೆ ನಿಧಾನಕ್ಕೆ ಹಿಂದೆ ಸರಿಯಿರಿ.