ಯುವಾನ್–ಲೆವ್: ಯಾರೂ ನೇರವಾಗಿ ನಿಗದಿಪಡಿಸದ ಒಂದು ದರ

ಚೀನಾದ ಯುವಾನ್ ಮತ್ತು ಬಲ್ಗೇರಿಯದ ಲೆವ್ ನಡುವಿನ ಹಳೆಯ ವಿನಿಮಯ ದರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, 2014ರ ಮೇ ತಿಂಗಳಲ್ಲಿ ಸುಮಾರು 4.4 ಯುವಾನ್ ತರುತ್ತಿದ್ದ ಒಂದು ಲೆವ್ 2015ರ ಮಾರ್ಚ್ ವೇಳೆಗೆ 3.4ಕ್ಕೂ ಕೆಳಗಿಳಿಯಲು ಬಲ್ಗೇರಿಯದಲ್ಲಿ ಅಂಥದ್ದೇನಾಯಿತು ಎಂದು ಕೇಳುವವರಿದ್ದಾರೆ. ವಿದೇಶಿ ವಿನಿಮಯದ ಲೆಕ್ಕ ನೋಡುವ ನಮ್ಮಂಥವರಿಗೆ ಇದರ ಉತ್ತರ ಸರಳವಾಗಿದೆ: ಈ ಇಳಿತಕ್ಕೆ ಬಲ್ಗೇರಿಯ ಕಾರಣವಲ್ಲ, ಬಹುಮಟ್ಟಿಗೆ ಚೀನಾವೂ ಅಲ್ಲ. ಆ ಹತ್ತು ತಿಂಗಳಲ್ಲಿ ಯೂರೋ ಡಾಲರಿನ ಎದುರು 1.39ರಿಂದ ಸುಮಾರು 1.05ಕ್ಕೆ ಕುಸಿಯಿತು, ಯೂರೋಗೆ ಕಟ್ಟಿಕೊಂಡಿದ್ದ ಲೆವ್ ಅದರ ಜೊತೆಗೇ ಇಳಿಯಿತು.

ಈ ಎರಡು ಹಣಗಳ ನಡುವೆ ಹೇಳಿಕೊಳ್ಳುವಂಥ ನೇರ ಮಾರುಕಟ್ಟೆ ಎಂದೂ ಇರಲಿಲ್ಲ. 2016ರ ಡಿಸೆಂಬರಿನಲ್ಲಿ ಚೀನಾದ ಅಂತರ್‌ಬ್ಯಾಂಕ್ ಮಾರುಕಟ್ಟೆಯು ಪೋಲೆಂಡಿನ ಝ್ಲೋಟಿ ಮತ್ತು ಹಂಗೇರಿಯ ಫೋರಿಂಟ್‌ಗಳೊಂದಿಗೆ ಯುವಾನಿನ ನೇರ ವಹಿವಾಟು ಆರಂಭಿಸಿದಾಗಲೂ ಲೆವ್ ಆ ಸಾಲಿನಲ್ಲಿ ಇರಲಿಲ್ಲ. ಬ್ಯಾಂಕು ಮಾಡುತ್ತಿದ್ದುದು ಮೂರು ದರಗಳ ಗುಣಾಕಾರ–ಭಾಗಾಕಾರ: ಒಂದು ಯೂರೋಗೆ ಎಷ್ಟು ಡಾಲರ್, ಒಂದು ಡಾಲರಿಗೆ ಎಷ್ಟು ಯುವಾನ್, ಒಂದು ಯೂರೋಗೆ ಎಷ್ಟು ಲೆವ್. ನಾವು ಕ್ರಾಸ್ ರೇಟ್ ಎನ್ನುವುದು ಇದನ್ನೇ. ಈ ಮೂರರಲ್ಲಿ ಕೊನೆಯದು 1999ರಿಂದ 1.95583 ಎಂಬ ಅಂಕಿಯಲ್ಲೇ ಸ್ಥಿರವಾಗಿ ನಿಂತಿತ್ತು.

ಆ ವಿಚಿತ್ರ ಅಂಕಿಯ ಹಿಂದೆ ಒಂದು ದೊಡ್ಡ ಕುಸಿತದ ಕಥೆಯಿದೆ. 1996ರ ಆರಂಭದಲ್ಲಿ ಡಾಲರಿಗೆ 70ರ ಆಸುಪಾಸಿನಲ್ಲಿದ್ದ ಲೆವ್, ಬ್ಯಾಂಕುಗಳ ಸಾಲುಸಾಲು ಪತನ ಮತ್ತು ಸರ್ಕಾರದ ಅಸ್ಥಿರತೆಯ ನಡುವೆ 1997ರ ಫೆಬ್ರುವರಿಯಲ್ಲಿ ಸುಮಾರು 3,000ಕ್ಕೆ ಮುಟ್ಟಿತು. ಆ ಒಂದೇ ತಿಂಗಳ ಹಣದುಬ್ಬರ ಶೇ 240ನ್ನು ದಾಟಿತ್ತು. ಯುವಾನಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಯುವಾನಿಗೆ ಎಂಟೂವರೆ ಲೆವ್ ಇದ್ದದ್ದು ಸ್ವಲ್ಪ ಹೆಚ್ಚು ಕಡಿಮೆ ಒಂದು ವರ್ಷದಲ್ಲಿ 360 ಲೆವ್‌ಗೆ ಏರಿತು. 1997ರ ಜುಲೈ 1ರಂದು ಕರೆನ್ಸಿ ಬೋರ್ಡ್, ಅಂದರೆ ಹಣವನ್ನು ಒಂದು ವಿದೇಶಿ ಹಣಕ್ಕೆ ಸ್ಥಿರ ದರದಲ್ಲಿ ಕಟ್ಟಿಹಾಕುವ ವ್ಯವಸ್ಥೆ, ಜಾರಿಗೆ ಬಂದು, 1,000 ಲೆವ್‌ಗೆ ಒಂದು ಜರ್ಮನ್ ಮಾರ್ಕ್ ಎಂಬ ದರ ಕಾನೂನಿನಲ್ಲಿ ಸೇರಿತು. ಕೇಂದ್ರ ಬ್ಯಾಂಕು ತನ್ನ ಹೊಣೆಗಾರಿಕೆಗೆ ಸರಿಸಮನಾದ ವಿದೇಶಿ ಮೀಸಲು ಇಟ್ಟುಕೊಳ್ಳಬೇಕಾಯಿತು, ಸರ್ಕಾರಕ್ಕೆ ಸಾಲ ಕೊಡುವ ದಾರಿ ಮುಚ್ಚಿತು. 1999ರ ಜುಲೈ 5ರಂದು ಮೂರು ಸೊನ್ನೆಗಳನ್ನು ತೆಗೆದುಹಾಕಿದ ಮೇಲೆ ಹೊಸ ಲೆವ್ ಒಂದು ಮಾರ್ಕಿಗೆ ಸಮವಾಯಿತು, ಮಾರ್ಕ್ ಯೂರೋದಲ್ಲಿ ಕರಗಿದ ದರವೇ ಲೆವ್‌ನ ದರವೂ ಆಯಿತು. ಹಳೆಯ ದರಗಳ ನಕ್ಷೆಯಲ್ಲಿ ಈ ದಿನ ಯುವಾನಿನ ಬೆಲೆ ಸುಮಾರು 231 ಲೆವ್‌ನಿಂದ 0.231ಕ್ಕೆ ಬಿದ್ದಂತೆ ಕಾಣುತ್ತದೆ. ಯಾರಿಗೂ ಲಾಭವಾಗಲಿಲ್ಲ, ನಷ್ಟವೂ ಆಗಲಿಲ್ಲ. ಹಳೆಯ ಲೆವ್‌ನ ಸಂಕೇತ ಬಿಜಿಎಲ್, ಹೊಸ ಲೆವ್‌ನದು ಬಿಜಿಎನ್ ಎಂಬುದನ್ನು ಗಮನಿಸದೆ ಎರಡನ್ನೂ ಒಂದೇ ಕಂಬಸಾಲಿನಲ್ಲಿ ಸೇರಿಸಿದ ಪಟ್ಟಿಗಳು ಮಾತ್ರ ಹಾಸ್ಯಾಸ್ಪದವಾಗುತ್ತವೆ.

ಚೀನಾದ ಕಡೆಯಲ್ಲೂ ಇಂಥದೊಂದು ಬಲೆಯಿದೆ. 1994ರ ಜನವರಿ 1ರಂದು ಅಧಿಕೃತ ದರ ಡಾಲರಿಗೆ 5.8ರಿಂದ 8.7ಕ್ಕೆ ಜಿಗಿದದ್ದನ್ನು ಭಾರೀ ಅಪಮೌಲ್ಯ ಎಂದು ಬರೆಯುವುದು ರೂಢಿಯಾಗಿದೆ. ಆದರೆ ಅದಕ್ಕೂ ಮೊದಲೇ ಬಹುಪಾಲು ವಹಿವಾಟು ಸ್ವಾಪ್ ಕೇಂದ್ರಗಳ, ಅಂದರೆ ಸಂಸ್ಥೆಗಳು ತಮ್ಮತಮ್ಮಲ್ಲೇ ವಿದೇಶಿ ಹಣ ಕೊಂಡು ಮಾರುತ್ತಿದ್ದ ತಾಣಗಳ, ದುಬಾರಿ ದರದಲ್ಲಿ ನಡೆಯುತ್ತಿದ್ದುದರಿಂದ, ಎರಡು ದರಗಳನ್ನು ಒಂದಾಗಿಸಿದ ಆ ಕ್ರಮದಿಂದ ವ್ಯಾಪಾರಿಗಳಿಗೆ ತಟ್ಟಿದ ಬಿಸಿ ಅಂಕಿಯಲ್ಲಿ ಕಾಣುವಷ್ಟು ಇರಲಿಲ್ಲ. ಅದಕ್ಕೂ ಹಿಂದಿನ ಸಮಾಜವಾದಿ ಕಾಲದ ದರಗಳನ್ನು ನಾನು ವಿಶ್ಲೇಷಣೆಗೆ ಬಳಸುವುದೇ ಇಲ್ಲ. ಸೋವಿಯತ್ ಒಕ್ಕೂಟದ ನಂತರ ಹೊಸ ಚೀನಾವನ್ನು ಮಾನ್ಯ ಮಾಡಿದ ಎರಡನೆಯ ದೇಶ ಬಲ್ಗೇರಿಯವಾದರೂ, ಅಂದಿನ ವ್ಯಾಪಾರ ನಡೆದದ್ದು ಎರಡು ಸರ್ಕಾರಗಳ ನಡುವಿನ ಕ್ಲಿಯರಿಂಗ್ ಖಾತೆಗಳಲ್ಲಿ, ಅಂದರೆ ಕೊಟ್ಟ ಸರಕಿಗೆ ಪಡೆದ ಸರಕನ್ನು ವಜಾ ಹಾಕಿಕೊಳ್ಳುವ ಲೆಕ್ಕದಲ್ಲಿ, ಮಾರುಕಟ್ಟೆಯ ದರದಲ್ಲಲ್ಲ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದ ಅವಧಿ 1999ರಿಂದ 2005ರವರೆಗಿನದು. ಯುವಾನ್ ಡಾಲರಿಗೆ 8.28ರಲ್ಲಿ ನಿಂತಿತ್ತು, ಲೆವ್ ಯೂರೋಗೆ ಬಿಗಿದುಕೊಂಡಿತ್ತು. ಎರಡು ಗೂಟಗಳಿಗೆ ಕಟ್ಟಿದ ಎರಡು ಹಸುಗಳ ನಡುವಿನ ದೂರವನ್ನು ಅಳೆದರೆ ಸಿಗುವುದು ಗೂಟಗಳ ದೂರವೇ ಹೊರತು ಹಸುಗಳ ಸ್ವಭಾವವಲ್ಲ. 2000ದ ಅಕ್ಟೋಬರಿನಲ್ಲಿ ಯೂರೋ 0.83 ಡಾಲರಿಗಿಂತ ಕೆಳಗಿಳಿದಾಗ ಒಂದು ಲೆವ್ ಸುಮಾರು 3.5 ಯುವಾನ್ ಆಗಿತ್ತು. 2005ರ ಜುಲೈ ಹೊತ್ತಿಗೆ ಅದು 5ನ್ನು ದಾಟಿತ್ತು. ಸೋಫಿಯಾ ಮತ್ತು ಬೀಜಿಂಗ್‌ಗಳಲ್ಲಿ ದರಕ್ಕೆ ಸಂಬಂಧಿಸಿದ ಒಂದೇ ಒಂದು ತೀರ್ಮಾನವಾಗದೆ ಇಷ್ಟು ಏರಿಳಿತ ನಡೆದುಹೋಯಿತು.

2005ರ ಜುಲೈ 21ರಂದು ಚೀನಾ ಯುವಾನನ್ನು ಶೇ 2.1ರಷ್ಟು ಏರಿಸಿ 8.11ಕ್ಕೆ ತಂದು, ನಿಧಾನವಾಗಿ ಏರಲು ಬಿಟ್ಟಿತು. ಮೂರು ವರ್ಷಗಳಲ್ಲಿ ಡಾಲರಿನ ದರ 6.83ರ ಸಮೀಪಕ್ಕೆ ಬಂತು. ಪತ್ರಿಕೆಗಳೆಲ್ಲ ಯುವಾನ್ ಬಲಗೊಂಡಿತೆಂದು ಬರೆಯುತ್ತಿದ್ದ ಅದೇ ಅವಧಿಯಲ್ಲಿ ಲೆವ್‌ನ ಎದುರು ಅದು ದುರ್ಬಲವಾಗಿತ್ತು, ಏಕೆಂದರೆ ಯೂರೋ ಅದಕ್ಕಿಂತ ವೇಗವಾಗಿ ಏರಿ 2008ರ ಜುಲೈಯಲ್ಲಿ 1.60 ಡಾಲರಿನ ಹತ್ತಿರಕ್ಕೆ ಹೋಗಿ, ಒಂದು ಲೆವ್‌ಗೆ ಐದೂವರೆ ಯುವಾನ್ ಬರುವಂತಾಗಿತ್ತು. ಆಮೇಲೆ ಚೀನಾ 2010ರ ಜೂನ್‌ವರೆಗೆ ದರವನ್ನು 6.83ರಲ್ಲೇ ಹಿಡಿದಿಟ್ಟರೂ, ಗ್ರೀಸಿನ ಸಾಲದ ಬಿಕ್ಕಟ್ಟು ಯೂರೋವನ್ನು ಕೆಳಗೆಳೆದುದರಿಂದ ಲೆವ್ 4.2ರ ಆಸುಪಾಸಿಗೆ ಬಂತು. ಯುವಾನಿನ ಕಡೆಯಿಂದಲೇ ನೇರವಾಗಿ ಬಂದ ಹೊಡೆತಕ್ಕೆ ಸ್ಪಷ್ಟ ಉದಾಹರಣೆ 2015ರ ಆಗಸ್ಟ್ 11, ಅಂದು ಚೀನಾದ ಕೇಂದ್ರ ಬ್ಯಾಂಕು ಪ್ರತಿದಿನ ಪ್ರಕಟಿಸುವ ಆಧಾರ ದರವಾದ ಮಧ್ಯದರವನ್ನು ಒಮ್ಮೆಲೇ ಶೇ 1.9ರಷ್ಟು ಇಳಿಸಲಾಯಿತು.

ಹಳೆಯ ಇನ್‌ವಾಯ್ಸ್‌ಗಳನ್ನು ಪರಿಶೀಲಿಸುವವರು ಯುವಾನಿಗೇ ಎರಡು ದರಗಳಿವೆ ಎಂಬುದನ್ನು ಮರೆಯಬಾರದು. ಚೀನಾದ ಒಳಗಿನ ದರವು ಕೇಂದ್ರ ಬ್ಯಾಂಕಿನ ದೈನಂದಿನ ಮಧ್ಯದರದ ಎರಡೂ ಬದಿಗೆ ಶೇ 2ರ ಮಿತಿಯಲ್ಲಿ ಚಲಿಸುತ್ತದೆ. 2014ರ ಮಾರ್ಚ್‌ವರೆಗೆ ಆ ಮಿತಿ ಶೇ 1 ಮಾತ್ರ ಇತ್ತು. 2010ರಿಂದ ಹಾಂಗ್‌ಕಾಂಗ್‌ನಲ್ಲಿ ಬೆಳೆದ ಹೊರಗಿನ ಯುವಾನಿಗೆ ಇಂಥ ಮಿತಿಯಿಲ್ಲ, ಮತ್ತು ಆತಂಕದ ದಿನಗಳಲ್ಲಿ ಎರಡರ ನಡುವೆ ಎದ್ದು ಕಾಣುವ ಅಂತರ ಬೀಳುತ್ತದೆ. ಹಣ ಯಾವ ಮಾರುಕಟ್ಟೆಯ ಮೂಲಕ ಹೋಯಿತು ಎಂದು ತಿಳಿಯದೆ ದರ ತಪ್ಪಾಗಿದೆ ಎಂದು ಟಿಪ್ಪಣಿ ಬರೆಯುವುದು ಅನ್ಯಾಯ. ಸರಾಸರಿಯಲ್ಲೂ ಎಚ್ಚರ ಬೇಕು: ವರ್ಷದ ಸರಾಸರಿ ಯುವಾನ್–ಲೆವ್ ದರವನ್ನು ತಿರುಗಿಸಿದರೆ ಸರಾಸರಿ ಲೆವ್–ಯುವಾನ್ ದರ ಸಿಗುವುದಿಲ್ಲ, ಅದನ್ನು ದಿನದಿನದ ದರಗಳಿಂದಲೇ ಬೇರೆಯಾಗಿ ಲೆಕ್ಕ ಹಾಕಬೇಕು.

2026ರ ಜನವರಿ 1ರಂದು ಬಲ್ಗೇರಿಯ ಅದೇ 1.95583ರ ದರದಲ್ಲಿ ಯೂರೋಗೆ ಸೇರಿದ್ದರಿಂದ ಈ ಜೋಡಿಯ ಸರಣಿ 2025ರ ಕೊನೆಗೆ ನಿಂತಿದೆ. ಹಿಂದೆ ಲೆವ್‌ನಲ್ಲಿ ಬರೆದ ಬಾಕಿಯನ್ನು ಈಗ ಯುವಾನಿನಲ್ಲಿ ತೀರಿಸುವವರು ಮೊದಲು ಆ ಮೊತ್ತವನ್ನು 1.95583ರಿಂದ ಭಾಗಿಸಿ ಯೂರೋ ಮಾಡಿಕೊಂಡು, ಬಳಿಕ ಪಾವತಿಯ ದಿನದ ಯೂರೋ–ಯುವಾನ್ ದರ ಹಚ್ಚಬೇಕು. ಆ ದರವನ್ನು 1.96 ಎಂದು ದುಂಡಾಗಿಸುವುದಕ್ಕೂ, ಅದನ್ನು ತಿರುಗಿಸಿ 0.51ರಿಂದ ಗುಣಿಸುವುದಕ್ಕೂ ಐರೋಪ್ಯ ಒಕ್ಕೂಟದ ನಿಯಮ ಅವಕಾಶ ಕೊಡುವುದಿಲ್ಲ. ಹತ್ತು ಲಕ್ಷ ಲೆವ್‌ನ ಬಾಕಿಯಲ್ಲಿ ಆ ಎರಡನೆಯ ದಾರಿ ಹಿಡಿದವರ ಲೆಕ್ಕ ಸುಮಾರು 1,300 ಯೂರೋ ಕಡಿಮೆ ಬರುತ್ತದೆ.